ಹನ್ನೆರಡು ದಿನದ ಸುಳ್ಳು

ನನ್ನ ತಂಗಿ ಡಾಕ್ಟರಾದ ಮೊದಲ ವರ್ಷ ನನ್ನ ಜೊತೆಗೇ ಇದ್ದಳು. ನಾನು ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವವಳು. ನನ್ನ ಬಾಡಿಗೆ ಮನೆಯಿಂದ ಅವಳ ಆಸ್ಪತ್ರೆಗೆ ನಡೆದರೆ ಇಪ್ಪತ್ತು ನಿಮಿಷ. ಎರಡನೇ ಮಹಡಿ, ಎರಡು ಕೋಣೆ, ಪೂರ್ವಕ್ಕೊಂದು ಕಿಟಕಿ. ಅವಳಿಗೆ ಆಗ ಇಪ್ಪತ್ತನಾಲ್ಕು, ನನಗೆ ಮೂವತ್ತಮೂರು. ನಡುವೆ ಒಂಬತ್ತು ವರ್ಷ ಇರುವುದರಿಂದ ನಾನು ಅವಳಿಗೆ ಅರ್ಧ ಅಕ್ಕ, ಅರ್ಧ ಅಮ್ಮ. ಮನೆಯಲ್ಲಿ ಎಲ್ಲರಿಗೂ ಅವಳು ಇವತ್ತಿಗೂ ‘ಮರಿ’ಯೇ. ಕುತ್ತಿಗೆಗೆ ಸ್ಟೆತಾಸ್ಕೋಪ್ ಬಂದ ಮೇಲೂ ಆ ಹೆಸರು ಹೋಗಲಿಲ್ಲ.

ಇದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರಿ, ಆದ್ರೆ ನನ್ನನ್ನ ಒಳ್ಳೆಯವಳನ್ನಾಗಿ ಮಾಡೋಕೆ ಹೋಗ್ಬೇಡ” ಅಂದಳು.

ರಾತ್ರಿ ಡ್ಯೂಟಿ ಮುಗಿಸಿ ಅವಳು ಬರುವ ಹೊತ್ತಿಗೆ ನಾನು ಹೊರಡುವ ಹೊತ್ತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು. ಒಳ್ಳೆಯ ದಿನ ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿ ಬರುತ್ತಿದ್ದಳು, ಕೆಟ್ಟ ದಿನ ಮೆಟ್ಟಿಲಿಗೊಂದು ಸಲ ನಿಲ್ಲುತ್ತಿದ್ದಳು. ಒಳಗೆ ಬಂದವಳೇ ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ಲೋಟ ತೆಗೆದು ಎಡಗಡೆ ಕಣತಲೆಗೆ ಒತ್ತಿಕೊಂಡು ಗೋಡೆಗೊರಗಿ ನೆಲದ ಮೇಲೆ ಕೂರುವಳು. ಕಿಟಕಿಗೆ ಪರದೆಯ ಮೇಲೆ ನನ್ನ ಹಳೇ ಹೊದಿಕೆಯನ್ನೂ ಮೊಳೆ ಹೊಡೆದು ತೂಗಿಹಾಕಿದ್ದಳು. ಮೇಲಿನ ಮನೆಯವರು ಕುರ್ಚಿ ಎಳೆದರೆ ಹಲ್ಲು ಕಚ್ಚುವಳು.

“ತಲೆನೋವಾ ಮರಿ?”

“ನಿದ್ದೆ ಕಣೆ ಅಕ್ಕ. ಮಲಗಿ ಎದ್ರೆ ಸರಿಹೋಗುತ್ತೆ.”

ಡಾಕ್ಟರೇ ಹೇಳಿದ ಮೇಲೆ ನಾನ್ಯಾರು ಇಲ್ಲ ಅನ್ನೋಕೆ? ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಅವಳು ಅದನ್ನು ಮುಚ್ಚಿಡುತ್ತಿದ್ದದ್ದಕ್ಕೆ ಕಾರಣ ಇತ್ತು, ನನಗೆ ತಿಳಿದದ್ದು ಆಮೇಲೆ. ಕೆಲಸಕ್ಕೆ ಸೇರಿದ ಮೊದಲ ವಾರ, ಅವಳ ಜೊತೆಯ ಒಬ್ಬ ಹೊಸ ಡಾಕ್ಟರು ರಾತ್ರಿ ಡ್ಯೂಟಿ ಮುಗಿದ ಬೆಳಿಗ್ಗೆ ವಾರ್ಡಿನ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟನಂತೆ. ಮೇಲಿನ ಡಾಕ್ಟರೊಬ್ಬರು ರೋಗಿಗಳ ಎದುರಿಗೇ, “ಡಾಕ್ಟ್ರೇ ತಲೆ ಹಿಡ್ಕೊಂಡು ಕೂತ್ರೆ ಪೇಶೆಂಟು ಯಾರ ಹತ್ರ ಹೋಗ್ಬೇಕಪ್ಪ?” ಅಂದರು. ವಾರ್ಡಿಗೆ ವಾರ್ಡೇ ನಕ್ಕಿತು. ಮರಿಯೂ ನಕ್ಕಳು. ಆ ಹುಡುಗನ ಕಿವಿ ಕೆಂಪಾದದ್ದನ್ನು ನೋಡಿ, ಆಸ್ಪತ್ರೆಯ ಗೋಡೆಯೊಳಗೆ ತನ್ನ ತಲೆ ಮಾತ್ರ ಯಾವತ್ತೂ ನೋಯುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದಳು.

ತಲೆ ಅವಳ ಮಾತು ಕೇಳಲಿಲ್ಲ. ಮೊದಮೊದಲು ಡ್ಯೂಟಿ ಮುಗಿದ ಮೇಲೆ ಒಂದು ಮಾತ್ರೆ. ಆಮೇಲೆ ನೋವು ಬರುವ ಮೊದಲೇ, ಬೆಳಗಿನ ರೌಂಡ್ಸಿಗೆ ಮುಂಚೆ ಇನ್ನೊಂದು. ನಾಲ್ಕು ತಿಂಗಳಾಗುವ ಹೊತ್ತಿಗೆ ರಜೆ ದಿನವೂ ಎದ್ದ ತಕ್ಷಣ ಎರಡು ಬೇಕಾಗುತ್ತಿದ್ದವು. ಮೂರು ಮೆಡಿಕಲ್ ಶಾಪುಗಳನ್ನು ಗೊತ್ತುಮಾಡಿಕೊಂಡಿದ್ದಳು. ಒಂದೇ ಕಡೆ ತಗೊಂಡರೆ ಕೇಳುತ್ತಾರೆ ಅಂತ ಸರದಿಯ ಮೇಲೆ ಹೋಗುತ್ತಿದ್ದಳು. ನನ್ನ ಕಚೇರಿಯ ಪಕ್ಕದ ಅಂಗಡಿಯಲ್ಲಿ “ಅಕ್ಕನಿಗೆ” ಅಂತ ಹೇಳಿ ತರುತ್ತಿದ್ದಳು.

ಒಂದು ದಿನ ಆ ಅಂಗಡಿಯವರು ಪಾರ್ಸೆಲ್ ಕಳಿಸಲು ನನ್ನ ಕೌಂಟರಿಗೆ ಬಂದವರು, “ಈಗ ಹೇಗಿದೆ ಮೇಡಂ ನಿಮ್ಮ ತಲೆನೋವು?” ಅಂತ ಕೇಳಿದರು.

“ನನಗೆಲ್ಲಿಯ ತಲೆನೋವು? ಬೇರೆಯವರಿಗೆ ತಲೆನೋವು ಕೊಡೋದು ನನ್ನ ಕೆಲಸ” ಅಂದೆ. ಇಬ್ಬರೂ ನಕ್ಕೆವು. ಅವರು ರಸೀದಿ ತಗೊಂಡು ಹೋದರು, ನಾನು ಮುಂದಿನವರನ್ನು ಕರೆದೆ. ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ಅದನ್ನು ನೆನೆದರೆ ಈಗಲೂ ನನಗೆ ಮುಖ ಬಿಸಿಯಾಗುತ್ತದೆ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಟೈಲರಮ್ಮ ಇದ್ದರು. ವಯಸ್ಸು ನಲವತ್ತೈದರ ಮೇಲೆ. ಮನೆಯ ಮುಂದಿನ ಕೋಣೆಯಲ್ಲೇ ಎರಡು ಮಿಷನ್ ಹಾಕಿಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದರು. ನನ್ನ ಬಟ್ಟೆಯೂ ಅವರದೇ ಕೈ. ಶಾಲೆ ತೆರೆಯುವ ಮುಂಚಿನ ಎರಡು ತಿಂಗಳು ಆ ಕೋಣೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಎಲ್ಲೆಲ್ಲೂ ನೀಲಿ ಬಟ್ಟೆ. ಆ ವರ್ಷ ನಾನು ಹೋದಾಗ ಅವರು ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಹೊಲಿಯುತ್ತಿದ್ದರು. ಗುಂಡಿ ಹಾಕಿಡುವ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಗುಂಡಿಗಿಂತ ಖಾಲಿ ಮಾತ್ರೆ ಪಟ್ಟಿಗಳೇ ಹೆಚ್ಚಿದ್ದವು.

“ನಮ್ಮ ಮರಿ ಹತ್ರ ಹೋಗಿ. ನನ್ನ ಹೆಸರು ಹೇಳಿ” ಅಂದೆ. ಹಾಗೆ ಹೇಳುವಾಗ ನನ್ನ ಎದೆ ಎರಡು ಇಂಚು ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಹೋದದ್ದು ಮರಿ ರಾತ್ರಿ ಡ್ಯೂಟಿ ಮುಗಿಸಿ ಹೊರರೋಗಿಗಳ ವಿಭಾಗದಲ್ಲಿ ಕೂತಿದ್ದ ಒಂದು ಬೆಳಿಗ್ಗೆ. ಮರಿ ಅವರನ್ನು ಚೆನ್ನಾಗಿಯೇ ನೋಡಿದಳು. ಬಿ.ಪಿ. ನೋಡಿದಳು, ಕಣ್ಣಿಗೆ ಟಾರ್ಚ್ ಬಿಟ್ಟಳು, ಕತ್ತು ಬಗ್ಗಿಸಿದಳು, ಕೈಕಾಲು ಎತ್ತಿಸಿದಳು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಮಾತ್ರೆ ಅಂತ ಕೇಳಿ ಬರೆದುಕೊಂಡಳು. ಆಮೇಲೆ ಪುಸ್ತಕದಲ್ಲಿ ಓದಿದ್ದನ್ನು ಸರಳವಾಗಿ ಹೇಳಿದಳು.

“ಅಮ್ಮ, ಮೊದಲು ನೋವು ಬಂತು, ನೀವು ಮಾತ್ರೆ ತಗೊಂಡ್ರಿ. ಈಗ ದಿನಾ ತಗೊಂಡು ತಗೊಂಡು ಆ ಮಾತ್ರೆಯೇ ನೋವು ತರ್ತಾ ಇದೆ. ನಿಲ್ಲಿಸಿಬಿಡಿ. ಮೊದಲು ಜಾಸ್ತಿ ಆಗುತ್ತೆ, ಹೆದರ್ಬೇಡಿ. ಆಮೇಲೆ ಇಳಿಯುತ್ತೆ.”

“ಯೂನಿಫಾರ್ಮ್ ಕೊಡೋ ಹೊತ್ತು ಡಾಕ್ಟ್ರಮ್ಮ...”

“ಈಗ ಬಿಡದಿದ್ರೆ ಯಾವತ್ತೂ ಬಿಡೋಕಾಗಲ್ಲ.”

ಹೀಗೆ ಹೇಳುವಾಗ ಅವಳ ಬಿಳಿ ಕೋಟಿನ ಬಲ ಜೇಬಿನಲ್ಲಿ ಅದೇ ಮಾತ್ರೆಯ ಪಟ್ಟಿ ಇತ್ತು. ಕೈ ಹಾಕಿದಾಗ ಬೆರಳಿಗೆ ತಾಗಿತು. ಹೇಳುತ್ತಿರುವುದು ತನ್ನದೇ ಕಾಯಿಲೆಯ ಬಗ್ಗೆ ಅಂತ ಆ ಕ್ಷಣಕ್ಕೆ ಹೊಳೆಯಿತಂತೆ. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿ, “ಮುಂದಿನವರು ಬನ್ನಿ” ಅಂದಳಂತೆ. ಮಧ್ಯಾಹ್ನ ಮನೆಗೆ ಬಂದು ಎರಡು ನುಂಗಿ ಮಲಗಿದಳು.

ಟೈಲರಮ್ಮ ಅವತ್ತೇ ಮಾತ್ರೆ ನಿಲ್ಲಿಸಿದರು. ಐದನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದರು. ದಾರಿಯಲ್ಲಿ ಎರಡು ಸಲ ವಾಂತಿ ಆಗಿತ್ತು. ಮರಿ ರೌಂಡ್ಸಿಗೆ ಫೈಲು ಜೋಡಿಸಿಕೊಂಡು ಓಡಾಡುತ್ತಿದ್ದವಳು ಅವರನ್ನು ಕೂರಿಸಿ, ವಾಂತಿಗೆ ಇಂಜೆಕ್ಷನ್ ಕೊಡಿಸಿದಳು.

“ಆಗ್ತಾ ಇಲ್ಲ ಡಾಕ್ಟ್ರಮ್ಮ. ತಲೆ ಸೀಳಿ ಹೋಗ್ತಿದೆ. ಒಂದೇ ಒಂದು ತಗೋತೀನಿ.”

“ತಗೊಂಡ್ರೆ ಮತ್ತೆ ಮೊದಲಿಂದ ಶುರು.”

“ಹೇಳೋದು ಸುಲಭ. ಇದನ್ನ ಯಾರಾದ್ರೂ ತಡ್ಕೊಂಡಿದ್ದಾರಾ?”

“ನಾನೇ ತಡ್ಕೊಂಡಿದ್ದೀನಿ” ಅಂದಳು ಮರಿ. “ಹನ್ನೆರಡು ದಿನ. ಹದಿಮೂರನೇ ದಿನ ನೋವು ಬಿಟ್ಟು ಹೋಯ್ತು.”

ಅರ್ಧ ಗಂಟೆ ಮುಂಚೆ ಬಾತ್‌ರೂಮಿನಲ್ಲಿ ನಲ್ಲಿಗೆ ಬಾಯಿ ಕೊಟ್ಟು ಎರಡು ಮಾತ್ರೆ ನುಂಗಿ ಬಂದಿದ್ದಳು. ಹನ್ನೆರಡು ಎಲ್ಲಿಂದ ಬಂತು ಅಂತ ಅವಳಿಗೇ ಗೊತ್ತಿಲ್ಲ. ಹತ್ತು ಅಂದರೆ ತೀರಾ ಅಂದಾಜಿನ ಲೆಕ್ಕದ ಹಾಗಿರುತ್ತೆ, ನಂಬಲಿಕ್ಕಿಲ್ಲ ಅನ್ನಿಸಿತೇನೋ. ಟೈಲರಮ್ಮ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಅಷ್ಟು ಚಿಕ್ಕ ವಯಸ್ಸಿಗೆ!” ಅಂದರು. ಎದ್ದು, ನಿಧಾನವಾಗಿ ನಡೆದುಕೊಂಡು ಮನೆಗೆ ಹೋದರು. ಮಾತ್ರೆ ತಗೊಳ್ಳಲಿಲ್ಲ.

ಸುಳ್ಳು ಕೆಲಸ ಮಾಡಿತು. ಅದೇ ಕಷ್ಟವಾದದ್ದು. ಕೆಲಸ ಮಾಡದಿದ್ದರೆ ಅಲ್ಲೇ ಸತ್ತುಹೋಗುತ್ತಿತ್ತು.

ಬೀದಿಯಲ್ಲೆಲ್ಲ ಟೈಲರಮ್ಮ ಹೇಳಿದರು. ತರಕಾರಿ ಅಂಗಡಿಯವಳು ನನ್ನನ್ನು ನಿಲ್ಲಿಸಿ, “ನಿಮ್ಮ ತಂಗಿ ಎಂಥ ಗಟ್ಟಿ ಹುಡುಗಿ ಕಣ್ರೀ, ಹನ್ನೆರಡು ದಿನ ಒಂದೇ ಒಂದು ಮಾತ್ರೆ ಇಲ್ಲದೆ!” ಅಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಸಂಜೆ ಮನೆಗೆ ಬಂದವಳೇ ಮರಿಯನ್ನು ಹಿಡಿದುಕೊಂಡೆ.

“ನನಗೂ ಒಂದು ಮಾತು ಹೇಳಿಲ್ವಲ್ಲೇ! ಯಾವಾಗ? ನಾನು ಒಂದೇ ಮನೇಲಿದ್ದೂ ಗೊತ್ತಾಗಿಲ್ವಲ್ಲ?”

ಅವಳ ಮುಖ ಸುಣ್ಣದ ಹಾಗಾಯಿತು. “ಬಿಡೆ ಅಕ್ಕ” ಅಂತ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಬರಲೇ ಇಲ್ಲ. ಸಂಕೋಚ ಅಂದುಕೊಂಡೆ. ಅಷ್ಟೇ ಅಲ್ಲ, ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಚಿಕ್ಕಪ್ಪನಿಗೆ ಹೇಳಿದಳು, ಚಿಕ್ಕಪ್ಪ ಯಾರ್ಯಾರಿಗೆ ಹೇಳಿದರೋ. ಎರಡೇ ದಿನದಲ್ಲಿ ನನ್ನ ತಂಗಿ ನೆಂಟರಲ್ಲೆಲ್ಲ ವೀರವನಿತೆಯಾಗಿಬಿಟ್ಟಳು.

ಹದಿನಾಲ್ಕನೇ ದಿನ ಟೈಲರಮ್ಮ ಅಂಚೆ ಕಚೇರಿಗೆ ಬಂದರು. ಸಾಲಿನಲ್ಲಿ ನಿಲ್ಲದೆ ಪಕ್ಕದ ಬೆಂಚಿನಲ್ಲಿ ಕೂತರು. ನಾನು ಊಟದ ಬಿಡುವಿನಲ್ಲಿ ಹೊರಗೆ ಬಂದಾಗ ಅವರ ಕಣ್ಣು ಗುಳಿಬಿದ್ದಿದ್ದವು.

“ಮೇಡಂ, ನಿಮ್ಮ ತಂಗಿಗೆ ಹನ್ನೆರಡೇ ದಿನಕ್ಕೆ ಬಿಡ್ತಲ್ಲ, ನನಗೆ ಯಾಕೆ ಬಿಡ್ತಾ ಇಲ್ಲ? ನಿನ್ನೆ ಪೂರ್ತಿ, ಮೊನ್ನೆ ಪೂರ್ತಿ ಕಾದೆ. ಹದಿಮೂರನೇ ದಿನ ಬೆಳಿಗ್ಗೆ ಕಣ್ಣು ಬಿಡೋಕೇ ಹೆದರ್ಕೊಂಡು ಮಲಗಿದ್ದೆ. ಬಿಟ್ಟೆ. ಹಾಗೇ ಇತ್ತು.” ಅವರು ದನಿ ತಗ್ಗಿಸಿದರು. “ತಲೆಯೊಳಗೆ ಗಡ್ಡೆಗಿಡ್ಡೆ ಬೆಳೆದಿದ್ಯೋ ಏನೋ. ಇಲ್ಲಾಂದ್ರೆ ನಾನೇ ಜೀವ ಗಟ್ಟಿ ಇಲ್ಲದವಳು. ಆ ಮಗು ತಡ್ಕೊಳ್ತು, ನನ್ನ ಕೈಲಿ ಆಗ್ತಾ ಇಲ್ಲ. ಶಾಲೆಯವರ ಬಟ್ಟೆ ಎರಡು ಗಂಟು ವಾಪಸ್ ಕಳಿಸಿಬಿಟ್ಟೆ. ಹತ್ತು ವರ್ಷದಲ್ಲಿ ಒಂದು ಸಲವೂ ವಾಪಸ್ ಕಳಿಸಿರಲಿಲ್ಲ.”

“ಇವತ್ತೇ ಮರಿಗೆ ಹೇಳ್ತೀನಿ” ಅಂದೆ.

ಅವಳಿಗೆ ಅವತ್ತು ರಾತ್ರಿ ಡ್ಯೂಟಿ ಇತ್ತು. ಮಾರನೇ ದಿನ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿ ಬರುವಾಗಲೇ ಬಾಗಿಲಲ್ಲಿ ನಿಂತು ಹೇಳಿದೆ. ಗಡ್ಡೆಯ ವಿಷಯ, ವಾಪಸ್ ಹೋದ ಗಂಟಿನ ವಿಷಯ, ಎಲ್ಲ. ಅವಳು ಕೊನೆಯ ಮೆಟ್ಟಿಲ ಮೇಲೇ ಕೂತಳು. ಅಳಲಿಲ್ಲ. ಬ್ಯಾಗಿನ ಜಿಪ್ ಎಳೆದು, ಕೋಟು ತೆಗೆದು, ಜೇಬಿನಿಂದ ಒಂದೊಂದೇ ಪಟ್ಟಿ ನನ್ನ ಕಾಲ ಹತ್ತಿರ ಇಡತೊಡಗಿದಳು. ಎರಡು ತುಂಬಿದ್ದು, ಒಂದು ಅರ್ಧ, ಉಳಿದದ್ದು ಖಾಲಿ.

“ಇದೇನೇ?”

“ನನ್ನವು. ಹನ್ನೆರಡು ದಿನ ಬಿಡು, ಹನ್ನೆರಡು ಗಂಟೆಯೂ ಬಿಟ್ಟಿಲ್ಲ ಅಕ್ಕ ನಾನು.”

ನನಗೆ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಕೆಳಗಿನ ಮನೆಯವರು ಬಾಗಿಲು ತೆಗೆದ ಸದ್ದಾಯಿತು, ನಾನು ಅವಸರವಾಗಿ ಪಟ್ಟಿಗಳನ್ನು ಬಾಚಿ ಒಳಗೆ ತಂದೆ. ಆ ಹೊತ್ತಿನಲ್ಲೂ ನನಗಿದ್ದ ಚಿಂತೆ ಯಾರಾದರೂ ನೋಡಿಬಿಟ್ಟರೆ ಅನ್ನುವುದೇ. ಮುಚ್ಚಿಡುವುದನ್ನು ಅವಳು ಬೇರೆ ಕಡೆ ಹೋಗಿ ಕಲಿಯಬೇಕಾಗಿರಲಿಲ್ಲ.

ನಾನು ಕಚೇರಿಗೆ ರಜೆ ಹೇಳಿ ಅವಳ ಜೊತೆ ಹೋದೆ. ಟೈಲರಮ್ಮ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದರು, ಸೂಜಿಗೆ ದಾರ ಇರಲಿಲ್ಲ. ಮರಿಯನ್ನು ನೋಡಿ ಏಳಲು ಹೋದರು.

“ಕೂತ್ಕೊಳ್ಳಿ ಅಮ್ಮ. ನಾನು ಹೇಳಿದ್ದು ಸುಳ್ಳು” ಅಂದಳು ಮರಿ. ಪೀಠಿಕೆ ಇಲ್ಲ, ಏನಿಲ್ಲ. “ನಾನು ಒಂದು ದಿನವೂ ಮಾತ್ರೆ ಬಿಟ್ಟಿಲ್ಲ. ನಿಮಗೆ ಬಿಡಿ ಅಂದ ದಿನವೂ ತಗೊಂಡಿದ್ದೆ. ಹನ್ನೆರಡು ದಿನ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಕೆಲವರಿಗೆ ವಾರಕ್ಕೆ ಇಳಿಯುತ್ತೆ, ಕೆಲವರಿಗೆ ಮೂರು ನಾಲ್ಕು ವಾರ ಬೇಕು. ನೀವು ಗಟ್ಟಿಯಾಗೇ ಇದ್ದೀರಿ. ಗಟ್ಟಿ ಇಲ್ಲದವಳು ನಾನು.”

ಟೈಲರಮ್ಮ ಮಿಷನ್ನಿನಿಂದ ಕೈ ತೆಗೆದರು.

“ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲ” ಅಂದರು. “ಗೊತ್ತಿಲ್ಲಮ್ಮ, ಇನ್ನೂ ಹತ್ತು ದಿನ ಆಗ್ಬೋದು ಅಂದಿದ್ರೆ ನಾನು ಹೆದರ್ತಿರಲಿಲ್ಲ.”

“ಬಾಯಿಗೆ ಬಂದುಬಿಡ್ತು.”

“ನಿಮ್ಮ ಬಾಯಿಗೆ ಬಂತು. ನಾನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೀತಾ ಕೂತೆ.” ಅವರು ತೋರಿಸಿದರು. ಮಿಷನ್ ಪಕ್ಕದ ಗೋಡೆಯಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಹನ್ನೆರಡು ಗೆರೆ. ಹದಿಮೂರನೆಯದು ಇರಲಿಲ್ಲ.

“ಕ್ಷಮಿಸಿ ಅಮ್ಮ” ಅಂದಳು ಮರಿ.

“ಈಗ ಹೋಗಿ ಡಾಕ್ಟ್ರೇ. ಮಾತಾಡಿದ್ರೆ ತಲೆ ಇನ್ನೂ ಸಿಡಿಯುತ್ತೆ.”

ಅಷ್ಟು ದಿನ ‘ಡಾಕ್ಟ್ರಮ್ಮ’ ಆಗಿದ್ದವಳು ಅವತ್ತು ಬರೀ ‘ಡಾಕ್ಟ್ರು’ ಆದಳು. ಹೊರಗೆ ಬಂದ ಮೇಲೆ ನಾನು, “ಇಷ್ಟು ನೇರವಾಗಿ ಒಪ್ಕೊಂಡ್ರೂ ಒಂದು ಒಳ್ಳೆ ಮಾತಾಡಲಿಲ್ಲವಲ್ಲ ಆಯಮ್ಮ” ಅಂದೆ. ಮರಿ ನಡುಬೀದಿಯಲ್ಲಿ ನಿಂತು, “ಅಕ್ಕ, ನೀನು ಇನ್ನೊಂದು ಮಾತಾಡಿದ್ರೆ ನಾನು ನಿನ್ನ ಜೊತೆ ಮನೆಗೆ ಬರಲ್ಲ” ಅಂದಳು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ತನ್ನ ವಿಭಾಗದ ಮುಖ್ಯ ಡಾಕ್ಟರಮ್ಮನಿಗೆ ಹೇಳಿದಳು. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಅಂತ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಆಯಮ್ಮ ಕನ್ನಡಕ ತೆಗೆದಿಟ್ಟು, ಬೇರೆ ಯಾರೋ ರೋಗಿಯನ್ನು ಕೇಳುವ ಹಾಗೆ ಕೇಳಿದರಂತೆ: ಎಷ್ಟು ತಿಂಗಳಿಂದ, ದಿನಕ್ಕೆಷ್ಟು, ನಿದ್ದೆ ಎಷ್ಟು, ಕಣ್ಣು ಮಂಜಾಗುತ್ತಾ.

“ನಿನ್ನ ಪೇಶೆಂಟಿಗೆ ಏನು ಹೇಳಿದೆ?”

“ನಿಲ್ಲಿಸಿ ಅಂತ.”

“ಅದು ಸರಿಯಾಗೇ ಇದೆ. ನಿನಗೂ ಅದೇ ಚಿಕಿತ್ಸೆ. ಆಕೆಯನ್ನ ನಾಳೆ ನರರೋಗದ ಡಾಕ್ಟ್ರ ಹತ್ರ ಕಳಿಸು. ಹನ್ನೆರಡು ದಿನ ಅಂತ ತಪ್ಪು ಹೇಳಿದ್ದೆ, ತಿದ್ದಿದ್ದೀನಿ ಅಂತ ಚೀಟಿಯಲ್ಲಿ ನಿನ್ನ ಕೈಯಲ್ಲೇ ಬರಿ. ಕೆಳಗೆ ಸಹಿ ಹಾಕು.”

ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತಂತೆ. ಆ ಎರಡು ಸಾಲು ಬರೆಯಲು ಅವಳಿಗೆ ಇಪ್ಪತ್ತು ನಿಮಿಷ ಬೇಕಾಯಿತು.

ಮೂರು ವಾರ ಅವಳ ರಾತ್ರಿ ಡ್ಯೂಟಿ ತೆಗೆದರು. ಅದನ್ನು ಹಂಚಿಕೊಂಡವರಲ್ಲಿ ಆ ಮೊದಲ ವಾರ ಬೆಂಚಿನ ಮೇಲೆ ಕೂತಿದ್ದ ಹುಡುಗನೂ ಒಬ್ಬ. “ಪರವಾಗಿಲ್ಲ ಬಿಡು” ಅಂದನಂತೆ. ಅವನನ್ನು ನೋಡಿ ನಕ್ಕವರಲ್ಲಿ ತಾನೂ ಒಬ್ಬಳು ಅಂತ ಇವಳು ಅವನಿಗೆ ಹೇಳಿಯೇ ಬಿಟ್ಟಳು. “ಗೊತ್ತು, ನೋಡಿದ್ದೆ” ಅಂದ ಅವನು.

ಆ ದಿನಗಳು ನನಗೆ ಮರೆಯುವುದಿಲ್ಲ. ಮಾತ್ರೆ ಬಿಟ್ಟ ಮೂರನೇ ದಿನಕ್ಕೆ ಸಿಂಕಿನ ಹತ್ತಿರವೇ ಚಾಪೆ ಹಾಕಿಕೊಂಡಳು. ಸ್ವಿಚ್ಚಿನ ಸದ್ದು, ಸೋಪಿನ ವಾಸನೆ, ಯಾವುದೂ ಆಗದು. ಅಂಥ ಹೊತ್ತಲ್ಲೂ ದಿನದ ಡ್ಯೂಟಿಗೆ ಎದ್ದು ಹೋಗುವಳು, ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಲ್ಲುವಳು, ಯಾರಾದರೂ ಕೇಳಿದರೆ “ತಲೆನೋವು” ಅಂತ ಹೇಳುವಳು. ಆ ಒಂದು ಪದ ಹೇಳುವುದು ನೋವಿಗಿಂತ ಕಷ್ಟವಾಗಿತ್ತು ಅನ್ನುತ್ತಾಳೆ. ಆರನೇ ದಿನ ನಾನು ಸ್ನಾನ ಮುಗಿಸಿ ಹೊರಗೆ ಬಂದಾಗ ಅವಳು ನನ್ನ ಕೈಚೀಲವನ್ನು ಮಂಚದ ಮೇಲೆ ಸುರಿದು ಕೈಯಾಡಿಸುತ್ತಿದ್ದಳು. ಬಾಚಣಿಗೆ, ಬಸ್ ಟಿಕೆಟ್, ಪೆನ್ನು, ಎಲ್ಲ ಚೆಲ್ಲಾಪಿಲ್ಲಿ.

“ಒಂದಾದ್ರೂ ಇರುತ್ತೆ ಅಂದ್ಕೊಂಡೆ” ಅಂದಳು, ತಲೆ ಎತ್ತದೆ. “ನೋಡ್ಬೇಡ ಅಕ್ಕ. ಆಚೆ ತಿರುಗು.”

ತಿರುಗಿ ನಿಂತೆ. ಅವಳು ಒಂದೊಂದನ್ನೇ ಹೆಕ್ಕಿ ಚೀಲಕ್ಕೆ ತುಂಬಿಡುವ ಸದ್ದು ಕೇಳಿಸಿತು. ಆಮೇಲೆ ಇಬ್ಬರೂ ಕೂತು ಬ್ರೆಡ್ಡು ತಿಂದೆವು.

ಹತ್ತೊಂಬತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಕಿಟಕಿಯ ಹೊದಿಕೆಯನ್ನು ಅವಳೇ ಕಿತ್ತು ಒಗೆಯಲು ಹಾಕಿದಳು. ಆಮೇಲೆ ರಾತ್ರಿ ಡ್ಯೂಟಿ ಮತ್ತೆ ಬಂತು, ತಲೆನೋವೂ ಬಂತು, ಆದರೆ ಬರುವುದು ಹೋಗುವುದು ಎರಡೂ ಗೊತ್ತಾಗುವಂಥ ತಲೆನೋವು. ನೀರು ಕುಡಿಯುತ್ತಾಳೆ, ಡ್ಯೂಟಿಯ ನಡುವೆ ಕೂತು ಏನಾದರೂ ತಿನ್ನುತ್ತಾಳೆ. ತೀರಾ ಆಗದಿದ್ದರೆ ಒಂದು ಮಾತ್ರೆ, ವಾರಕ್ಕೆ ಎರಡು ದಿನ ಮೀರಬಾರದು ಅಂತ ಮುಖ್ಯ ಡಾಕ್ಟರಮ್ಮನ ಕಟ್ಟಪ್ಪಣೆ.

ಟೈಲರಮ್ಮನಿಗೆ ಗಡ್ಡೆಗಿಡ್ಡೆ ಏನೂ ಇರಲಿಲ್ಲ. ನರರೋಗದ ಡಾಕ್ಟರು ಬೇರೆ ಔಷಧಿ ಕೊಟ್ಟರು, ತಿಂಗಳೊಳಗೆ ನೋವು ಇಳಿಯಿತು. ಆದರೆ ಆ ಶಾಲೆಯವರು ಮುಂದಿನ ವರ್ಷದ ಯೂನಿಫಾರ್ಮನ್ನು ಬೇರೆಯವರಿಗೆ ಕೊಟ್ಟರು. ಈಗ ಅವರು ಹೆಚ್ಚಾಗಿ ಪರದೆ, ದಿಂಬಿನ ಚೀಲ ಹೊಲಿಯುತ್ತಾರೆ. ನನ್ನ ಬಟ್ಟೆ ಹೊಲಿದುಕೊಡುತ್ತಾರೆ, ಮರಿಯ ಸುದ್ದಿ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಅಮ್ಮನಿಗೆ ಫೋನು ಮಾಡಿ ನಿಜ ಹೇಳಿದಾಗ, “ಆಗಿದ್ದು ಆಯ್ತು, ಚಿಕ್ಕಪ್ಪನಿಗೆಲ್ಲ ಹೇಳೋಕೆ ಹೋಗ್ಬೇಡ” ಅಂದಳು. ಮರಿಯೇ ಚಿಕ್ಕಪ್ಪನಿಗೆ ಫೋನು ಮಾಡಿ ಹೇಳಿದಳು. ಅವರು “ಊಟ ಆಯ್ತೇನಮ್ಮ?” ಅಂತ ಕೇಳಿದರಂತೆ.

ಹೋದ ತಿಂಗಳು ಒಂದು ಸಂಜೆ ಟೈಲರಮ್ಮ ಗಂಡನನ್ನು ಕರೆದುಕೊಂಡು ಎಮರ್ಜೆನ್ಸಿಗೆ ಬಂದರು. ಹೆಂಡತಿಗೆ ಬಟ್ಟೆ ಕತ್ತರಿಸಿಕೊಡಲು ಹೋಗಿ ಆತ ಅಂಗೈ ಸೀಳಿಕೊಂಡಿದ್ದರು. ಡ್ಯೂಟಿಯಲ್ಲಿ ಇದ್ದದ್ದು ಮರಿ. ಟೈಲರಮ್ಮ ಬೇರೆ ಡಾಕ್ಟರು ಇದ್ದಾರಾ ಅಂತ ಸುತ್ತ ನೋಡಿದರು, ಇರಲಿಲ್ಲ. ಮರಿಯೂ ಆ ನೋಟ ನೋಡಿದಳು. ಗಾಯ ತೊಳೆದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹೊಲಿಗೆ ಹಾಕತೊಡಗಿದಳು.

“ನೋವಾಗುತ್ತಾ?” ಅಂತ ಕೇಳಿದರು ಗಂಡ.

“ಎಷ್ಟು ಅಂತ ನನಗೆ ಗೊತ್ತಿಲ್ಲ. ಆದ್ರೆ ಹೇಳಿ, ನಿಲ್ಲಿಸ್ತೀನಿ” ಅಂದಳು ಮರಿ.

ಟೈಲರಮ್ಮ ಪಕ್ಕದಲ್ಲಿ ನಿಂತು, ಕಣ್ಣು ಕಿರಿದು ಮಾಡಿಕೊಂಡು, ಒಂದೊಂದು ಹೊಲಿಗೆಯನ್ನೂ ನೋಡುತ್ತಿದ್ದರು. ಆರು ಹಾಕಿ ಮರಿ ದಾರ ಕತ್ತರಿಸಲು ಹೋದಾಗ ಬಾಯಿ ಬಿಟ್ಟರು.

“ಆ ಮೂಲೆ ಬಿಟ್ಕೊಂಡಿದೆ.”

ಮರಿ ಬಗ್ಗಿ ನೋಡಿದಳು. ಕಿವಿಯವರೆಗೂ ಕೆಂಪಾದಳು. “ಹೌದಮ್ಮ” ಅಂದು ಏಳನೆಯದನ್ನು ಹಾಕಿದಳು.